ಶೆಡ್ಡಿನ ಮೂಲೆಯ ಹಳೇ ಬೈಕು: ಯಾವುದನ್ನು ತರಬೇಕು, ಎಷ್ಟು ಬಿಚ್ಚಬೇಕು

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಹಳೇ ಬೈಕಿಗೆ ಬರವಿಲ್ಲ. ತೋಟದ ಗೋಡೌನಿನ ಮೂಲೆಯಲ್ಲೋ ಕೊಟ್ಟಿಗೆಯ ಹಿಂದೆಯೋ ಒಂದು ಯೆಜ್ಡಿ ಅಥವಾ ಬುಲೆಟ್ಟು ಗೋಣಿಚೀಲ ಹೊದ್ದು ನಿಂತಿರುತ್ತದೆ. ಒಂದು ಕಾಲದಲ್ಲಿ ತೋಟದ ರೈಟರ್‌ಗಳೂ ಸಾಹುಕಾರರೂ ಇವನ್ನೇ ಓಡಿಸುತ್ತಿದ್ದರು. ಈಗ "ತಗೊಂಡು ಹೋಗಿ ಮಾರಾಯ್ರೆ, ಜಾಗ ಖಾಲಿಯಾದ್ರೆ ಸಾಕು" ಅನ್ನುವವರೂ ಸಿಗುತ್ತಾರೆ. ಮೊಬೈಲಿನಲ್ಲಿ ಬೆಲೆ ನೋಡಿಕೊಂಡವರು ಮಾತ್ರ ಬೇರೆ ರೇಟು ಹೇಳುತ್ತಾರೆ.

ಇಂಥ ಬೈಕನ್ನು ಮನೆಯಲ್ಲೇ ಸರಿಮಾಡಿಕೊಳ್ಳಬೇಕು ಅನ್ನುವವರ ಮುಂದೆ ಎರಡು ಆಯ್ಕೆ ಇರುತ್ತವೆ. ಯಾವ ಬೈಕು ಅನ್ನುವುದು ಒಂದು. ಎಷ್ಟರ ಮಟ್ಟಿಗೆ ಬಿಚ್ಚುವುದು ಅನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ. ಅರ್ಧಕ್ಕೆ ನಿಂತ ಕೆಲಸಗಳೆಲ್ಲ ಅಲ್ಲೇ ನಿಂತಿರುತ್ತವೆ. ಬೈಕು ಆರಿಸುವಾಗಲೂ ಟ್ಯಾಂಕಿನ ಮೇಲಿನ ಹೆಸರು ಆಮೇಲಿನ ಮಾತು. ಅದು ಎಲ್ಲಿ ನಿಂತಿತ್ತು, ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಲ್ಲಿದೆ, ಇವೆರಡನ್ನು ಮೊದಲು ಕೇಳಿ.

ಎಲ್ಲಿ ನಿಂತಿತ್ತು?

ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಬಂದ ಬೈಕಿಗೂ ಮೂಡಿಗೆರೆಯ ಬೈಕಿಗೂ ತುಂಬಾ ವ್ಯತ್ಯಾಸ. ಬಯಲುಸೀಮೆಯ ಬೈಕಿನಲ್ಲಿ ಬಿಸಿಲಿಗೆ ಟೈರು ಸೀಳಿರುತ್ತದೆ, ಸೀಟು ಪುಡಿಯಾಗಿರುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಉದುರುತ್ತದೆ. ಕಬ್ಬಿಣ ಮಾತ್ರ ಚೆನ್ನಾಗಿರುತ್ತದೆ. ಮಲೆನಾಡಿನದು ಇದಕ್ಕೆ ಉಲ್ಟಾ. ರಬ್ಬರ್ ಇನ್ನೂ ಮೆತ್ತಗಿರುತ್ತದೆ, ಆದರೆ ಕ್ರೋಮ್ ಎದ್ದು ಬಂದಿರುತ್ತದೆ, ಸ್ಪೋಕಿನ ನಿಪ್ಪಲ್‌ಗಳು ತಿರುಗುವುದಿಲ್ಲ, ಟ್ಯಾಂಕಿನ ಒಳಗೆ ಟಾರ್ಚ್ ಹಾಕಿದರೆ ಕೆಂಪು ಪುಡಿ. ರಬ್ಬರ್, ಸೀಟು, ವೈರಿಂಗ್ ದುಡ್ಡು ಕೊಟ್ಟರೆ ಸಿಗುತ್ತವೆ. ತುಕ್ಕು ತಿಂದ ಚಾಸಿಸ್ಸಿಗೆ, ಅಂದರೆ ಬೈಕಿನ ಚೌಕಟ್ಟಿಗೆ, ಬದಲಿ ಸಿಗುವುದಿಲ್ಲ. ಎರಡೂ ಕಡೆಯ ಬೈಕು ಒಂದೇ ಬೆಲೆಗೆ ಬಂದರೆ ನಾನು ಕಣ್ಣುಮುಚ್ಚಿ ಅರಸೀಕೆರೆಯದನ್ನು ಹಿಡಿಯುತ್ತೇನೆ.

ಮಲೆನಾಡಿನ ಬೈಕಿನಲ್ಲೂ ನಿಂತ ಜಾಗ ನೋಡಬೇಕು. ಗೊಬ್ಬರದ ಗೋಡೌನಿನಲ್ಲಿದ್ದ ಬೈಕು ಎಲ್ಲಕ್ಕಿಂತ ಕೆಟ್ಟದ್ದು. ಪೊಟ್ಯಾಷ್ ಅಂತ ನಾವು ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್. ಅದರ ಧೂಳು ಮಳೆಗಾಲದ ತೇವ ಹೀರಿಕೊಂಡು ಲೋಹದ ಮೇಲೆ ಕೂರುತ್ತದೆ. ಸಮುದ್ರದ ಉಪ್ಪುಗಾಳಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಕಲೆಸುವ ಮೈಲುತುತ್ತ (ತಾಮ್ರದ ಸಲ್ಫೇಟ್) ಪಕ್ಕದಲ್ಲಿದ್ದರೆ ಇನ್ನೂ ಕಷ್ಟ. ತಾಮ್ರದ ಅಂಶ ಬಿದ್ದ ಕಡೆ ಅಲ್ಯೂಮಿನಿಯಂ ಗುಳಿಬೀಳುತ್ತದೆ. ಇಂಜಿನ್ ಕೇಸಿನ ಮೇಲೆ ಬಿಳೀ ಪುಡಿ ಕಂಡರೆ ಉಗುರಿನಿಂದ ಕೆರೆದು ನೋಡಿ. ಕೆಳಗೆ ನಯವಾಗಿದ್ದರೆ ಪರವಾಗಿಲ್ಲ. ಗುಂಡಿ ಗುಂಡಿಯಾಗಿದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ.

ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಟ್ಟ ಬೈಕಿಗಿಂತ ಸುಮ್ನೆ ಸೂರಿನ ಕೆಳಗೆ ನಿಂತ ಬೈಕೇ ವಾಸಿ. ಟಾರ್ಪಾಲು ಮಳೆಯನ್ನು ತಡೆಯುತ್ತದೆ ನಿಜ, ಆದರೆ ನೆಲದಿಂದ ಎದ್ದ ತೇವವನ್ನು ಒಳಗೇ ಕೂಡಿಹಾಕುತ್ತದೆ. ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಕೂರುವ ಜಾಗ, ಸ್ಟ್ಯಾಂಡು ಬೆಸೆದ ಜಾಗ, ಈ ಮೂರು ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅನ್ನಬೇಕು. ಡಬ್ ಅಂದರೆ ಪೈಪು ಒಳಗಿಂದ ತೆಳ್ಳಗಾಗಿದೆ.

ಕಿಕ್ಕರ್ ಕೆಳಗೆ ಹೋಗದಿದ್ದರೆ ಹೆದರಬೇಡಿ. ಹತ್ತಿ ನಿಂತು ಒದೆಯಲೂಬೇಡಿ. ಪ್ಲಗ್ ಬಿಚ್ಚಿ ಡೀಸೆಲ್ ಮತ್ತು ಪವರ್ ಸ್ಟಿಯರಿಂಗಿಗೆ ಹಾಕುವ ಎಟಿಎಫ್ ಆಯಿಲ್ ಸಮಸಮ ಬೆರೆಸಿ ಬೋರಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನೊಳಗೆ, ಸುರಿದು ವಾರವೋ ಎರಡು ವಾರವೋ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆಮುಂದೆ ಆಡಿಸಿ. ಹೆಚ್ಚಿನವು ಬಿಡುತ್ತವೆ. ಹೀಗೆ ಹಿಡಿದುಕೊಂಡ (ಸೀಜ್ ಆದ) ಇಂಜಿನ್ ಅಂದರೆ ಬೆಲೆ ಇಳಿಸಲು ಒಳ್ಳೇ ಕಾರಣ, ಅಷ್ಟೇ. ಆದರೆ ಪ್ಲಗ್ಗೇ ಇಲ್ಲದೆ ತೂತು ತೆರೆದುಕೊಂಡು ಮಳೆ ಕಂಡಿದ್ದರೆ ಬೋರು, ಬೇರಿಂಗು, ಕ್ರ್ಯಾಂಕು ಮೂರಕ್ಕೂ ಖರ್ಚಿದೆ ಅಂತ ತಿಳಿಯಿರಿ.

ಕಾಗದ

ಇದು ಬೇಜಾರಿನ ಭಾಗ. ಹಾಗಂತ ಹಾರಿಸಿದರೆ ಮುಂದೆ ಅಳಬೇಕಾಗುತ್ತದೆ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ದ್ವಿಚಕ್ರ ವಾಹನಕ್ಕೆ 2025ರ ಆಗಸ್ಟ್‌ನಲ್ಲಿ ಈ ಶುಲ್ಕವನ್ನು 2,000 ರೂಪಾಯಿಗೆ ಏರಿಸಿದರು. ವರ್ಷಗಟ್ಟಲೆ ನವೀಕರಿಸದೆ ಬಿಟ್ಟಿದ್ದರೆ ಬಾಕಿ ಎಷ್ಟು ಅಂತ ಬೈಕು ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮಾಲೀಕರು ಬದುಕಿದ್ದರೆ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಅವರ ಸಹಿ ಬೇಕು. ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ತೋಟದ ಮನೆಗಳಲ್ಲಿ ಇದೇ ಜಾಸ್ತಿ. ಅಜ್ಜನ ಹೆಸರಲ್ಲಿ ಬೈಕು, ನಾಲ್ಕು ಜನ ಮಕ್ಕಳು, ಅವರಲ್ಲಿ ಒಬ್ಬರು ಅಮೆರಿಕದಲ್ಲಿ.

50 ವರ್ಷ ದಾಟಿದ ಬೈಕಿಗೆ ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಬಂದ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ. 10 ವರ್ಷ ನಡೆಯುತ್ತದೆ. ಆದರೆ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಅಂತ ಮಾತ್ರ. ಬೈಕೂ ಮೂಲ ರೂಪದಲ್ಲೇ ಇರಬೇಕು. ಪೇಟೆಗೆ ಹೋಗಿ ಬರಬೇಕು ಅನ್ನುವವರಿಗೆ ಮಾಮೂಲಿ ನವೀಕರಣವೇ ಸರಿ. 'ಎಂವೈ' ಅಂತ ಶುರುವಾಗುವ ಹಳೇ ಮೈಸೂರು ನಂಬರ್ ಪ್ಲೇಟಿನ ಜಾವಾ ಕೈಗೆ ಸಿಕ್ಕರೆ ಮಾತ್ರ ಎರಡನ್ನೂ ತೂಗಿ ನೋಡಿ.

ಆರ್‌ಸಿ ಇಲ್ಲವೇ ಇಲ್ಲ ಅಂದರೆ ಅದನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೊಳ್ಳಿ. "ಆಮೇಲೆ ಮಾಡಿಸೋಣ" ಅನ್ನುವ ಮಾತು ನಂಬಬೇಡಿ.

ಯೆಜ್ಡಿಯೋ, ಬುಲೆಟ್ಟೋ?

ನಮ್ಮ ಕಡೆ ನಿಜವಾದ ಪೈಪೋಟಿ ಇವೆರಡರ ನಡುವೆಯೇ.

ಯೆಜ್ಡಿ, ಜಾವಾ ಮೈಸೂರಿನವು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದವು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಮೈಸೂರಿನಲ್ಲಿ ಅದರ ಕೈ ತಿಳಿದವರು ಇದ್ದಾರೆ, ಸಾಮಾನು ಸಿಗುತ್ತದೆ. ಹಾಸನದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಕ್ರ್ಯಾಂಕು ಕೊಟ್ಟು ವಾಪಸ್ ಬರಬಹುದು. ಎರಡು ಸ್ಟ್ರೋಕಿನ 250 ಸಿಸಿ ಇಂಜಿನ್. ಒಂದೇ ಸಿಲಿಂಡರ್, ಸೈಲೆನ್ಸರ್ ಎರಡು. ವಾಲ್ವು ಇಲ್ಲ, ಟ್ಯಾಪೆಟ್ ಇಲ್ಲ, ಆಯಿಲ್ ಪಂಪಿಲ್ಲ. ನಟ್ಟು ಬೋಲ್ಟೆಲ್ಲ ಮೆಟ್ರಿಕ್, ಅಂದರೆ ಮನೆಯಲ್ಲಿರುವ ಸ್ಪ್ಯಾನರೇ ಸಾಕು. ಹೆಡ್ಡು, ಬೋರು ಬಿಚ್ಚಲು ಒಂದು ಮಧ್ಯಾಹ್ನ ಸಾಕು. ಕಿಕ್ಕರ್ರೇ ಗೇರ್ ಲಿವರ್ ಆಗುವ ಏರ್ಪಾಡು ನೋಡಿದವರಿಗೆಲ್ಲ ಮೋಜು.

ಅದರ ಕಷ್ಟ ಒಳಗಿದೆ. ವರ್ಷಗಟ್ಟಲೆ ನಿಂತ ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲು ಗಟ್ಟಿಯಾಗಿರುತ್ತದೆ. ಅಲ್ಲಿಂದ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ, ಇಂಜಿನ್ ಬಿಸಿಯಾಗಿ, ಪಿಸ್ಟನ್ ಮತ್ತೆ ಹಿಡಿಯುತ್ತದೆ. ಬೈಕು ಸ್ಟಾರ್ಟ್ ಆಗುತ್ತದೆ, ಚೆಂದ ಓಡುತ್ತದೆ, ಘಾಟಿ ಹತ್ತುವಾಗ ನಿಲ್ಲುತ್ತದೆ. ಕಾರಣ ಗೊತ್ತಿಲ್ಲದವರು ಕಾರ್ಬ್ಯುರೇಟರ್ ಬದಲಿಸುತ್ತಾ ಕೂರುತ್ತಾರೆ. ಎರಡೂ ಸೀಲು ಹೊಸದು ಹಾಕಬೇಕಾದರೆ ಇಂಜಿನ್ ಇಬ್ಭಾಗ ಮಾಡುವ ಲೆಕ್ಕ ಇಟ್ಟುಕೊಳ್ಳಬೇಕು. ಕ್ರ್ಯಾಂಕು ಪ್ರೆಸ್ ಮಾಡಿ ಜೋಡಿಸಿದ್ದು, ಅದನ್ನು ಬಿಚ್ಚಿ ಕನೆಕ್ಟಿಂಗ್ ರಾಡ್ ಹಾಕಿ ಮತ್ತೆ ನೇರಕ್ಕೆ ತರುವುದು ಮನೆಯ ಕೆಲಸವಲ್ಲ. ಪ್ರೆಸ್ಸು, ಡಯಲ್ ಗೇಜ್ ಎರಡೂ ಇರುವವರಿಗೇ ಕೊಡಿ. ಸುತ್ತಿಗೆ ಹಿಡಿದವರಿಗೆ ಕೊಡಬೇಡಿ.

ಬುಲೆಟ್ಟಿನದು ಬೇರೆಯೇ ಜಾತಕ. 1955ರಿಂದ ಮದ್ರಾಸಿನಲ್ಲಿ ತಯಾರಾದ ಬೈಕು, 346 ಸಿಸಿ, ನಾಲ್ಕು ಸ್ಟ್ರೋಕು. ಕಾಸ್ಟ್ ಐರನ್ ಇಂಜಿನ್ನು ದಶಕಗಟ್ಟಲೆ ಹೆಚ್ಚೇನೂ ಬದಲಾಗದೆ ಬಂತು. ಹಾಗಾಗಿ ಸಾಮಾನಿಗೆ ತಾಪತ್ರಯವಿಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಕ್ಲಚ್ ಪ್ಲೇಟು ಸಿಗುತ್ತದೆ. ಗೇರ್‌ಬಾಕ್ಸು ಇಂಜಿನ್ನಿಗೆ ಬೋಲ್ಟಿನಿಂದ ಸೇರಿಸಿದ ಬೇರೆಯೇ ಪೆಟ್ಟಿಗೆ. ಗೇರಿನಲ್ಲಿ ತೊಂದರೆಯಾದರೆ ಇಂಜಿನ್ ಬಿಚ್ಚಬೇಕಿಲ್ಲ. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಕೆಲಸ ಜಾಸ್ತಿ. ವಾಲ್ವು, ಗೈಡು, ಪುಶ್‌ರಾಡು, ಆಯಿಲ್ ಪಂಪು, ಬಿಗ್ ಎಂಡಿನ ತೇಲುವ ಬುಷ್ಷು, ಎಲ್ಲವನ್ನೂ ನೋಡಬೇಕು. ಹಳೇ ಇಂಜಿನ್ನಿನ ಅನೇಕ ನಟ್ಟುಗಳು ಇಂಗ್ಲಿಷ್ ಅಳತೆಯವು. 14ರ ಸ್ಪ್ಯಾನರ್ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಬಲ ಹಾಕಿದಾಗ ಜಾರಿ ಮೂಲೆ ಸವೆಯುತ್ತದೆ. ಈ ಅಳತೆಗೆ ಕೂರುವ ವಿಟ್ವರ್ತ್ ಸ್ಪ್ಯಾನರ್ ಸೆಟ್ಟನ್ನು ಮೊದಲೇ ಕೊಂಡಿಡಿ. ಇನ್ನೊಂದು ವಿಷಯ, ನಿಂತ ಬುಲೆಟ್ಟಿನಲ್ಲಿ ಆಯಿಲು ನಿಧಾನಕ್ಕೆ ಕ್ರ್ಯಾಂಕಿನ ಕೋಣೆಗೆ ಇಳಿದಿರುತ್ತದೆ. ಅದನ್ನು ಬಸಿಯದೆ ಕಿಕ್ ಮಾಡಬೇಡಿ. ಸ್ಟಾರ್ಟ್ ಮಾಡುವಾಗ ಆಮ್‌ಮೀಟರಿನ ಮುಳ್ಳು ಮಧ್ಯಕ್ಕೆ ಬರುವ ತನಕ ಕಿಕ್ಕರ್ ಒತ್ತಿ, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕರನ್ನು ಸ್ವಲ್ಪ ಮುಂದೆ ತಳ್ಳಿ, ಬಿಟ್ಟು, ಆಮೇಲೆ ಒದೆಯಿರಿ. ಇದು ಗೊತ್ತಿಲ್ಲದೆ ಮೊಣಕಾಲು ನೋಯಿಸಿಕೊಂಡವರು ಊರಿಗೊಬ್ಬರಿದ್ದಾರೆ.

ಹಾಗಾದರೆ ಯಾವುದು? ಮೊದಲ ಸಲ ಕೈ ಹಾಕುವವರಿಗೆ, ಹಾಸನ ಚಿಕ್ಕಮಗಳೂರಲ್ಲಿರುವವರಿಗೆ, ನನ್ನ ಓಟು ಯೆಜ್ಡಿಗೆ. ಕ್ರ್ಯಾಂಕನ್ನು ಹೊರಗೆ ಮಾಡಿಸಿಕೊಂಡರೆ ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ. ದಿನಾ ಓಡಿಸಬೇಕು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಬೇಕು, ಪ್ರತಿ ಸಲ ಪೆಟ್ರೋಲಿಗೆ 2ಟಿ ಆಯಿಲು ಬೆರೆಸುವ ರಗಳೆ ಬೇಡ ಅನ್ನುವವರು ಬುಲೆಟ್ ತಗೊಳ್ಳಿ.

ಯಮಹಾ ಆರ್‌ಎಕ್ಸ್ 100 ಬಗ್ಗೆ ಕೇಳೇ ಕೇಳುತ್ತೀರಿ. 1985ರಿಂದ 1996ರವರೆಗೆ ಬಂದ 98 ಸಿಸಿಯ ಆ ಪುಟ್ಟ ಗಾಡಿ ಕೆಲಸಕ್ಕೆ ಎಲ್ಲಕ್ಕಿಂತ ಸುಲಭ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಹುಚ್ಚು ಬೆಲೆಯನ್ನು ಕೆಡಿಸಿದೆ. ನಕಲಿ ಸಾಮಾನೂ ವಿಪರೀತ. ಇಂಜಿನ್ ಒಂದು ಬೈಕಿನದು, ಚಾಸಿಸ್ ಇನ್ನೊಂದರದು ಆಗಿರುವುದೂ ಉಂಟು. ಎರಡೂ ನಂಬರನ್ನು ಆರ್‌ಸಿ ಜೊತೆ ಹಿಡಿದು ನೋಡದೆ ಅಡ್ವಾನ್ಸ್ ಕೊಡಬೇಡಿ. ರಾಜದೂತ್ 175 ಗಟ್ಟಿ ಗಾಡಿ, ಕಡಿಮೆಗೆ ಸಿಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕಲಿಯಲು ಒಳ್ಳೆಯದು. ರಾಜದೂತ್ 350 ಮಾತ್ರ ಮೊದಲ ಬೈಕಾಗಿ ಬೇಡವೇ ಬೇಡ. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, ಸಾಮಾನಿಗೆ ದೇಶವೆಲ್ಲ ಹುಡುಕಾಟ.

ಎಷ್ಟು ಬಿಚ್ಚುವುದು?

ಮೂರು ದಾರಿ ಇವೆ. ಬರೀ ಓಡುವ ಹಾಗೆ ಮಾಡುವುದು ಒಂದು. ಓಡಿಸುತ್ತಾ ಒಂದೊಂದೇ ಭಾಗ ಸರಿಮಾಡುವುದು ಎರಡನೆಯದು. ಪೂರ್ತಿ ಬಿಚ್ಚಿ, ಚಾಸಿಸ್ ಬರಿದು ಮಾಡಿ, ಹೊಸದರ ಹಾಗೆ ಕಟ್ಟುವುದು ಮೂರನೆಯದು. ಯೂಟ್ಯೂಬಿನಲ್ಲಿ ತೋರಿಸುವುದು ಮೂರನೆಯದನ್ನೇ. 20 ನಿಮಿಷದಲ್ಲಿ ಮುಗಿದೂ ಹೋಗುತ್ತದೆ.

ಪೂರ್ತಿ ಬಿಚ್ಚುವುದಕ್ಕೆ ಒಂದು ಶನಿವಾರ ಸಾಕು. ಜೋಡಿಸಲು ವರ್ಷ ಬೇಕು. ನಡುವೆ ಕಾಫಿ ಕೊಯ್ಲು ಬರುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ, ನಟ್ಟು ಹಾಕಿದ ಡಬ್ಬ ಮಕ್ಕಳ ಕೈಗೆ ಸಿಗುತ್ತದೆ. ಗುಜರಿಗೆ ಹೋಗುವ ಬೈಕುಗಳಲ್ಲಿ ಎಷ್ಟೋ ಹಾಗೆ ಬಿಚ್ಚಿಟ್ಟವೇ. ಚಾಸಿಸ್ಸಿಗೆ ತುಕ್ಕು ಹಿಡಿದು ಬೆಸುಗೆ ಹಾಕಲೇಬೇಕು ಅನ್ನುವ ಸ್ಥಿತಿ ಇದ್ದರೆ ಮಾತ್ರ ಮೂರನೇ ದಾರಿ ಹಿಡಿಯಿರಿ.

ನಾನು ಹೇಳುವುದು ಎರಡನೆಯದು. ಮೊದಲು ಬ್ರೇಕು, ಟೈರು, ವೈರಿಂಗು. ಆಮೇಲೆ ಟ್ಯಾಂಕು, ಕಾರ್ಬ್ಯುರೇಟರ್. ಕಿಡಿ ಹುಟ್ಟಿಸುವ ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿ ಒರೆಸಿ, ಗ್ಯಾಪು ಸುಮಾರು 0.4 ಮಿಲಿಮೀಟರಿಗೆ ಇಟ್ಟು, ಕಂಡೆನ್ಸರ್ ಹೊಸದು ಹಾಕಿ. ಪ್ಲಗ್ಗಿನಲ್ಲಿ ಕಿಡಿ ಬಂತು ಅಂದರೆ ಬೈಕು ಒಮ್ಮೆ ಕೂಗುತ್ತದೆ. ಅದರ ಸದ್ದು ಕೇಳಿದ ಮೇಲೆ ಇಂಜಿನ್ ಒಳಗೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಕೇಳದೆಯೇ ಬಿಚ್ಚಿದರೆ ಎಲ್ಲವನ್ನೂ ಬದಲಿಸುತ್ತೀರಿ.

ಬೋರು ಮಾಡಿಸುವುದಾದರೆ ಪಿಸ್ಟನ್ ಮೊದಲು ಕೊಂಡು, ಅದನ್ನೂ ಸಿಲಿಂಡರ್ ಜೊತೆಗೇ ಲೇತಿನವರ ಕೈಗೆ ಕೊಡಿ. ಡಬ್ಬದ ಮೇಲೆ 0.50 ಓವರ್‌ಸೈಜ್ ಅಂತ ಬರೆದಿದ್ದರೂ ಒಳಗಿನ ಪಿಸ್ಟನ್ ಅಷ್ಟೇ ಇರಬೇಕು ಅಂತೇನಿಲ್ಲ. ಟ್ರ್ಯಾಕ್ಟರ್, ಪವರ್ ಟಿಲ್ಲರ್ ಕೆಲಸ ಮಾಡುವ ಒಳ್ಳೇ ಲೇತುಗಳು ಹಾಸನ, ಚಿಕ್ಕಮಗಳೂರು ಎರಡೂ ಊರಲ್ಲಿವೆ. ಅಳೆದು ಬೋರು ಮಾಡುವವರು ಯಾರು ಅಂತ ಬುಲೆಟ್ ಓಡಿಸುವವರನ್ನು ಕೇಳಿದರೆ ಹೇಳುತ್ತಾರೆ.

ಟ್ಯಾಂಕಿನ ತುಕ್ಕು

ಇಲ್ಲಿ ಆಯ್ಕೆ ಜಾಸ್ತಿ, ಸಲಹೆ ಕೊಡುವವರು ಇನ್ನೂ ಜಾಸ್ತಿ. ಬಚ್ಚಲು ತೊಳೆಯುವ ಆಸಿಡ್ ಹಾಕಿ ಅನ್ನುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕನ್ನೂ ತಿನ್ನುತ್ತದೆ, ತಗಡನ್ನೂ ತಿನ್ನುತ್ತದೆ. ಬೇಡ. ವಿನೆಗರ್ ಕೆಲಸ ಮಾಡುತ್ತದೆ, ಆದರೆ ನಿಧಾನ, 12 ಲೀಟರಿನ ಟ್ಯಾಂಕ್ ತುಂಬಿಸಲು ಖರ್ಚೂ ಇದೆ. ನಾನು ಒಪ್ಪುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಹಾಕಿ ಟ್ಯಾಂಕ್ ತುಂಬಿಸಿ ಒಂದು ದಿನ ಬಿಡಿ. ನಡುನಡುವೆ ನೋಡಿ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ಆಷಾಢದಲ್ಲಿ ಈ ಕೆಲಸ ಮಾಡಿದರೆ ಟ್ಯಾಂಕು ಒಣಗುವುದರೊಳಗೆ ಮತ್ತೆ ಕೆಂಪಾಗಿರುತ್ತದೆ. ಹೇರ್ ಡ್ರೈಯರಿನಿಂದ ಒಣಗಿಸಿ, ಒಳಗೆಲ್ಲ 2ಟಿ ಆಯಿಲು ಆಡಿಸಿ. ಪೆಟ್ರೋಲಿನ ಆವಿ ಪೂರ್ತಿ ಹೋಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳದೆ ಬಿಸಿಗಾಳಿಯನ್ನಾಗಲಿ ಬೆಸುಗೆಯನ್ನಾಗಲಿ ಹತ್ತಿರ ತರಬೇಡಿ.

ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟಿನಿಂದ ತುಕ್ಕು ಬಿಡಿಸುವ ವಿಧಾನ ಮಡ್‌ಗಾರ್ಡ್, ಸ್ಟ್ಯಾಂಡುಗಳಿಗೆ ಚೆನ್ನ. ಬೈಕಿನ ಭಾಗ ನೆಗೆಟಿವ್‌ಗೆ, ಹಳೇ ಕಬ್ಬಿಣದ ಸರಳು ಪಾಸಿಟಿವ್‌ಗೆ. ಸ್ಟೇನ್‌ಲೆಸ್ ಸ್ಟೀಲಿನ ಚಮಚ, ಸರಳು ಹಾಕಬೇಡಿ, ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಏಳುವುದರಿಂದ ಅಂಗಳದಲ್ಲೇ ಮಾಡಿ.

ಟ್ಯಾಂಕು ಶುದ್ಧವಾದರೂ ಪೆಟ್ರೋಲಿನ ಚಿಂತೆ ಉಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಊದಿಸುತ್ತದೆ, ಪೆಟ್ರೋಲ್ ಕಾಕಿನ ವಾಷರನ್ನು ಮೆತ್ತಗೆ ಮಾಡುತ್ತದೆ. ಪೈಪು, ವಾಷರು ಹೊಸದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಬಸಿದಿಡಿ.

ಬಣ್ಣ

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮುಟ್ಟಬೇಡಿ. ಜಾವಾದ ಹಳೇ ಮರೂನು, ಅದರ ಮೇಲೆ ಕೈಯಲ್ಲಿ ಎಳೆದ ಗೆರೆ ಒಮ್ಮೆ ಕೆರೆದರೆ ಹೋಯಿತು, ಅಲ್ವಾ? ಉಜ್ಜಿ ವ್ಯಾಕ್ಸ್ ಹಾಕಿ ಸಾಕು.

ಬಣ್ಣ ಮಾಡಲೇಬೇಕಾದರೆ ಚಾಸಿಸ್ಸಿಗೆ ಪೌಡರ್ ಕೋಟಿಂಗ್, ಟ್ಯಾಂಕಿಗೆ ಸ್ಪ್ರೇ. ಪೌಡರ್ ಗಟ್ಟಿ, ಮಲೆನಾಡಿನ ಮಳೆ ತಡೆಯುತ್ತದೆ. ಆದರೆ ಅದನ್ನು 180ರಿಂದ 200 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಟ್ಯಾಂಕಿನಲ್ಲಿ ಹಳೇ ಸೀಸದ ಬೆಸುಗೆ, ಪುಟ್ಟಿ ಇದ್ದರೆ ಉಳಿಯುವುದಿಲ್ಲ. ಬೇರಿಂಗ್ ಕೂರುವ ಜಾಗ, ನಟ್ಟಿನ ಥ್ರೆಡ್ಡು ಮುಚ್ಚಿಸಿ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ ಚಾಸಿಸ್ ನಂಬರಿನ ಮೇಲೆ ಟೇಪು ಹಾಕಿಸಿ. ಮರಳು ಹೊಡೆದು, ಮೇಲೆ ದಪ್ಪ ಪೌಡರ್ ಕೂತರೆ ಆರ್‌ಟಿಒ ಮುಂದೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ನಂಬರಿನ ಅಚ್ಚು ತೆಗೆಯಲು ಆಗುವುದಿಲ್ಲ. ಹಾರ್ಡ್‌ನರ್ ಬೆರೆಸುವ ಎರಡು ಡಬ್ಬದ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಹೊಡೆಯಬೇಡಿ. ಅದರ ಹಾರ್ಡ್‌ನರಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಕ್ರೋಮನ್ನೂ ಹೊರಗೇ ಕೊಡಿ. ಮೈಸೂರಿಗೋ ಬೆಂಗಳೂರಿಗೋ ಕಳಿಸುವಾಗ ತಾಮ್ರ, ನಿಕಲ್, ಆಮೇಲೆ ಕ್ರೋಮ್, ಮೂರೂ ಪದರ ಹಾಕುತ್ತಾರಾ ಅಂತ ಕೇಳಿ.

ಮಳೆಗಾಲದಲ್ಲಿ ಬಣ್ಣ ಹೊಡೆದರೆ ಮಂಜು ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಜಿನ್, ವೈರಿಂಗ್ ಕೆಲಸ ಇಟ್ಟುಕೊಳ್ಳಿ. ಬಣ್ಣಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಅಷ್ಟರಲ್ಲಿ ತೋಟದವರಿಗೂ ಕೊಯ್ಲಿನ ಗಡಿಬಿಡಿ ಇಳಿದಿರುತ್ತದೆ.

ಹೊಸ ಪಿಸ್ಟನ್ ಹಾಕಿದ ಬೈಕನ್ನು ಮೊದಲ ಕೆಲವು ನೂರು ಕಿಲೋಮೀಟರ್ ಬೇಲೂರು ರಸ್ತೆಯಲ್ಲೇ ಓಡಿಸಿ. ಯೆಜ್ಡಿಗೆ ಲೀಟರಿಗೆ ಸುಮಾರು 40 ಮಿಲಿ 2ಟಿ ಆಯಿಲು ಇರಲಿ. ಕೈಮರ ದಾಟಿ ಗಿರಿ ಹತ್ತುವುದು ಆಮೇಲೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಹತ್ತುವಾಗ ಇಂಜಿನ್ನಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಬುಲೆಟ್ಟು ಎರಡನೇ ಗೇರಿನಲ್ಲಿ ತಾನೇ ತಡೆದುಕೊಂಡು ಇಳಿಯುತ್ತದೆ. ಎರಡು ಸ್ಟ್ರೋಕಿನ ಗಾಡಿ ಅಷ್ಟು ತಡೆಯುವುದಿಲ್ಲ, ಭಾರವೆಲ್ಲ ಡ್ರಮ್ಮಿನ ಮೇಲೆ ಬೀಳುತ್ತದೆ. ಹಳೇ ಬ್ರೇಕ್ ಶೂಗಳಲ್ಲಿ ಅಂಟು ಬಿಟ್ಟು ಲೈನರ್ ಕಳಚುವುದುಂಟು. ಆದ್ದರಿಂದ ಯೆಜ್ಡಿ ತಂದವರು ಎರಡೂ ಚಕ್ರದ ಶೂ ಹೊಸದು ಹಾಕಿಕೊಂಡೇ ಗಿರಿ ಕಡೆ ತಿರುಗಿಸಿ. ಹಳೇ ಲೈನರಿನ ಪುಡಿಯಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಬಾಯಿಂದ ಊದಬೇಡಿ, ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.